ಏಳನೆಯ ಉಂಡೆ

ಒಸಾಕಾದಲ್ಲಿ ಜನವರಿಯ ಒಂದು ಶನಿವಾರ, ಸಂಜೆ ಐದೂವರೆ.
ಮಕ್ಕಳ ಮನೆಯ ಅಡುಗೆಕೋಣೆಯಲ್ಲಿ ಹನ್ನೊಂದು ಮಕ್ಕಳು,
ತಲೆಗೆ ವಸ್ತ್ರ, ಮೊಣಕೈವರೆಗೆ ಮಡಿಸಿದ ತೋಳು.
ಒಗಿನೊ ಟೀಚರು ಹೇಳುತ್ತಾರೆ:
ಅಂಗೈ ಒದ್ದೆ ಮಾಡಿ, ಉಪ್ಪು ಸವರಿ,
ಅನ್ನ ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು.
ಗಟ್ಟಿ ಒತ್ತಿದರೆ ಕಲ್ಲು, ಸಡಿಲ ಬಿಟ್ಟರೆ ಪುಡಿ.
ಗೂಡಿಂದ ಬಿದ್ದ ಗುಬ್ಬಿಮರಿಯನ್ನು ಹಿಡಿದ ಹಾಗೆ ಹಿಡಿಯಿರಿ.

ನನ್ನ ಮಗಳು ಸುಮಿರೆಗೆ ಆರು ವರ್ಷ.
ನಿನ್ನೆ ಕಾಗದ ಕೊಯ್ದ ಬೆರಳಿಗೆ ಉಪ್ಪು ತಾಗಿ
ಹಾ ಎಂದಳು. ಅನ್ನ ಕೆಳಗಿಡಲಿಲ್ಲ.
ಏಳು ಕಟ್ಟಿದಳು. ಆರು ಮುಕ್ಕೋನ.
ಏಳನೆಯದಕ್ಕೆ ಯಾವ ಆಕಾರವೂ ಇಲ್ಲ;
ಅದರ ಹೊಟ್ಟೆಯಲ್ಲಿ ಮಾತ್ರ
ಉಪ್ಪಿನಲ್ಲಿ ಊರಿದ ಪ್ಲಮ್ಮು, ಒಂದಲ್ಲ, ಎರಡು.
ಕದ್ದು ತುರುಕುವುದನ್ನು ನೋಡಿದೆ,
ನೋಡದವನ ಹಾಗಿದ್ದೆ.

ಹೊರಡುವ ಮುನ್ನ ಟೀಚರು:
ನಿಂತು ಕೊಡಬಾರದು, ಮೊಣಕಾಲೂರಿ.
ಮೊದಲು ನಿಮ್ಮ ಹೆಸರು ಹೇಳಿ.
ಅವರ ಹೆಸರು, ಅವರಾಗಿ ಹೇಳಿದರೆ, ಮರೆಯಬೇಡಿ.
ನಿದ್ದೆ ಹೋದವರನ್ನು ಎಬ್ಬಿಸಬೇಡಿ,
ತಲೆಯ ಬಳಿ ಇಡಿ, ಕಾಲ ಬಳಿ ಅಲ್ಲ.
ಯಾಕೆ, ಎಂದ ಒಬ್ಬ ಹುಡುಗ.
ನಿನ್ನ ತಟ್ಟೆಯನ್ನು ಅಮ್ಮ ಎಲ್ಲಿಡುತ್ತಾಳೆ, ಎಂದರು ಟೀಚರು.

ನಾನು ಬಂದದ್ದು ಮಗಳಿಗೆ ಕಲಿಸಲು.
ಗಿಡವಾಗಿರುವಾಗಲೇ ಬಗ್ಗಿಸಬೇಕು ಎಂದು
ಹೆಂಡತಿಗೆ ಅರ್ಧ ಗಂಟೆ ಹೇಳಿದ್ದೆ.
ಅವಳು ಕಾಲುಚೀಲ ಮಡಿಸುತ್ತಿದ್ದಳು.

ರೈಲು ಸೇತುವೆಯ ಕೆಳಗೆ ರಟ್ಟಿನ ಮನೆಗಳ ಸಾಲು.
ಕೊನೆಯದರ ಮುಂದೆ ಒಂದು ಜೊತೆ ಬೂಟು,
ತುದಿಗೆ ತುದಿ ಸೇರಿಸಿ,
ಅಲ್ಲೊಂದು ಹೊಸ್ತಿಲು ಇದೆ ಎಂಬಂತೆ.
ಸುಮಿರೆ ಮೊಣಕಾಲೂರಿದಳು.
ನಾನು ಸುಮಿರೆ.
ನೀಲಿ ಹೊದಿಕೆ ಅಲುಗಿತು. ನಾನು ತೊಕುಜಿ.

ಚೀಲದಲ್ಲಿ ಉಳಿದದ್ದು ಅದೊಂದೇ.
ತೆಗೆದಳು, ಎದೆಗೆ ಒತ್ತಿಕೊಂಡಳು.
ಇದು ನನ್ನದು, ಎಂದಳು.

ನನ್ನ ಕಿವಿ ಸುಟ್ಟಿತು.
ಸುಮಿರೆ, ಎಂದೆ, ಮನೆಯಲ್ಲಿ ಎಂದೂ ಬಳಸದ ದನಿಯಲ್ಲಿ.
ಮುದುಕನ ಗಮನ ನನ್ನ ಮೇಲಿರಲಿಲ್ಲ.
ಚೆನ್ನಾಗಿದೆಯೇನೋ, ಅಲ್ಲವಾ?
ಎರಡು ಪ್ಲಮ್ಮಿದೆ.
ಎರಡಾ!
ಆ ಬೆರಗಿನಲ್ಲಿ ನಟನೆಯಿರಲಿಲ್ಲ.
ಅವಳು ಬಹಳ ಹೊತ್ತು ಯೋಚಿಸಿದಳು,
ಆಮೇಲೆ ಮುರಿದಳು.
ಸಮವಾಗಿ ಮುರಿಯಲಿಲ್ಲ ಅದು.
ಯಾವ ಪಾಲು ಯಾರಿಗೆ ಹೋಯಿತು
ಹೇಳುವುದಿಲ್ಲ. ಅದು ಅವರಿಬ್ಬರ ಲೆಕ್ಕ.

ಗಡ್ಡಕ್ಕೆ ಅಂಟಿದ ಅಗುಳನ್ನು ಬಾಯಿಗಿಟ್ಟುಕೊಂಡು
ತೊಕುಜಿ ನನ್ನ ಕಡೆ ತಿರುಗಿದ.
ನೀವು ಹಸಿರು ಸೈಕಲ್ಲಿನವರು.
ಬೆಳಿಗ್ಗೆ ಏಳೂ ಹತ್ತಕ್ಕೆ. ಮಳೆಯಾದರೆ ಏಳೂ ಕಾಲು.
ಹಿಂದಿನ ಬ್ರೇಕು ಕಿರುಗುಟ್ಟುತ್ತೆ, ತೋರಿಸಿ ಯಾರಿಗಾದರೂ.

ಮೂರು ವರ್ಷ. ಇದೇ ಸೇತುವೆ.
ಆಚೆಯ ಸಿಗ್ನಲ್ಲಿನ ಮೇಲೆ ಕಣ್ಣು ನೆಟ್ಟು
ನಾನು ದಾಟಿದ್ದು ಸೇತುವೆಯನ್ನು ಎಂದುಕೊಂಡಿದ್ದೆ.

ಅಪ್ಪಾ, ಇವರು ನಿನಗೆ ಗೊತ್ತಾ?

ಅಷ್ಟರಲ್ಲಿ ತಲೆಯ ಮೇಲೆ ರೈಲು ಹಾಯಿತು.
ಎಂಟು ಡಬ್ಬಿ. ಇನ್ನೂ ಎಂಟು ಇರಬಾರದಿತ್ತೆ.

ಭಾನುವಾರ ಬ್ರೇಕು ಸರಿಮಾಡಿಸಿದೆ.
ಸೋಮವಾರ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಸುಮಿರೆ,
ಬೆನ್ನಿಗೆ ಅವಳ ಶಾಲೆಚೀಲದ ಮೂಲೆ ಚುಚ್ಚುತ್ತಿದೆ.
ಸೇತುವೆ ಬಂತು. ಬೂಟು ಇದ್ದವು, ಜೋಡಿಯಾಗಿ.
ಹೊದಿಕೆ ತಲೆವರೆಗೆ ಎಳೆದಿತ್ತು.
ಸದ್ದೇ ಬರ್ತಿಲ್ಲ, ಎಂದಳು.
ನಾವು ಹೋದದ್ದು ಅವರಿಗೆ ಹೇಗೆ ಗೊತ್ತಾಗುತ್ತೆ?

ನಿದ್ದೆ ಹೋದವರನ್ನು ಎಬ್ಬಿಸಬಾರದು, ಟೀಚರು ಹೇಳಿದ್ದಾರಲ್ಲ, ಎಂದೆ.

ಮೆಲ್ಲಗೆ ಹೊಡಿ ಗಂಟೆ, ಎಂದಳು.
ತಲೆಯ ಹತ್ತಿರ ಇಟ್ಟ ಹಾಗೆ.

ಹೊಡೆದೆ.
ಅಷ್ಟು ಮೆಲ್ಲಗಲ್ಲ, ಎಂದಳು.