ನೂರಾ ಹದಿನೇಳು

ನಿಪ್ಪಾಣಿ ಎಕ್ಸ್‌ಚೇಂಜಿನಾಗ ಹನ್ನೆರಡು ವರ್ಷ
ನನ್ನ ಕಿವಿ ಊರಿನ ಹೊಸ್ತಿಲಾಗಿತ್ತು.
ತಂಬಾಕಿನ ದರ, ಗಂಡು ಹುಟ್ಟಿದ ಸುದ್ದಿ, ಕೆಟ್ಟು ನಿಂತ ಲಾರಿ,
ಚೌಗುಲೆ ಸಾವಕಾರ್ರು ಎರಡನೇ ಮನಿಗೆ ಕೇಳೂ ಕ್ಷೇಮ,
ಎಲ್ಲಾ ದಾಟಿ ಹೋತು.
ಹೊಸ್ತಿಲು ಯಾರ ಹೆಜ್ಜೀನೂ ಹಿಡದಿಟ್ಟುಕೊಳ್ಳೂದಿಲ್ಲ.
ಡ್ಯೂಟಿ ಮುಗಿಸಿ ಹೆಡ್‌ಫೋನು ಮೊಳೀಗೆ ಹಾಕಿದರ
ಊರು ಅಲ್ಲೇ ತೂಗತಿತ್ತು.
ಮನೀಗೆ ನಾ ಒಬ್ಬಾಕಿನ ಬರತಿದ್ದೆ,
ಕೂದಲಾಗ ಒಂದಿಷ್ಟು ಘಾಟು.

ಎರಡನೇ ವರ್ಷ ಇರಬೇಕು.
ಬೀಡಿ ಕಟ್ಟೂ ಹೆಂಗಸರು ಕೂಲಿ ಸಾಲೂದಿಲ್ಲಂತ
ಗೋದಾಮಿನ ಮುಂದ ಕುಂತಿದ್ದರು.
ಅವರ ಅರ್ಜಿ ಬರದು ಕೊಡಾಂವ ಧೋಂಡಿರಾಮ ಕಾಂಬಳೆ.
ಮನ್ಯಾಗ ಫೋನಿಲ್ಲ,
ರಾತ್ರಿ ಒಂಬತ್ತಕ್ಕ ಹಿಟ್ಟಿನ ಗಿರಣಿಗೆ ಬರತಿದ್ದ,
ನಂಬರ್ ನೂರಾ ಹದಿನೇಳು.

ಚಿಕ್ಕೋಡಿಯಿಂದ ಒಬ್ಬರು ಸಾಹೇಬರು ಬಂದರು.
ಅಂಗಿ ಸಾದಾ, ಇಸ್ತ್ರಿ ಮಾತ್ರ ಖಾಕೀದು.
ನೂರು ಹಾಳಿ ವಹಿ ಒಂದು ಮೇಜಿನ ಮ್ಯಾಲಿಟ್ಟು,
"ಬಾಯಾರ, ಆ ನಂಬರಿನಾಗ ಆಡಿದ್ದಷ್ಟೂ ಬರೀರಿ.
ತಪ್ಪು ಮಾಡದವರಿಗೆ ಅಂಜಿಕಿ ಯಾತರದು?"
ಹೌದಲ್ಲ, ಅನಿಸ್ತು ನನಗೂ.
ಪರ್ಮನೆಂಟ್ ಆಗೂದು ಇನ್ನೂ ಬಾಕಿ ಇತ್ತು.

ಮಿರಜ ದವಾಖಾನಿಗೆ ಟ್ರಂಕ್ ಕಾಲ್, ಮೂರು ನಿಮಿಷ.
ಅಲ್ಲಿ ಅವನ ಹೆಂಡತಿ, ಎದಿ ಬ್ಯಾನಿ.
ಅವರು ಆಡಿದ್ದು ಮರಾಠಿ, ನಾ ಬರದದ್ದು ಕನ್ನಡ:
ಉಂಡ್ರ್ಯಾ?
ಉಂಡೆ.
ಏನು ಪಲ್ಯ?
ಬದನೀಕಾಯಿ.
ಎಣ್ಣಿ ಹೆಚ್ಚ ಹಾಕಬ್ಯಾಡ್ರಿ.
ಹ್ಞೂಂ.
ಆಮ್ಯಾಲೆ ಇಬ್ಬರೂ ಸುಮ್ಮನ.
ರೊಕ್ಕಾ ಕೊಟ್ಟು ಕೊಂಡ ಸುಮ್ಮನಿರೂದು ಅದು,
ತಂತಿಯೊಳಗ ಸುಂಯ್ ಅಂತ ಗಾಳಿ.
ಅದನ್ನ ಹ್ಯಾಂಗ ಬರೀಲಿ?
"ಒಂದು ನಿಮಿಷ ಏನೂ ಇಲ್ಲ" ಅಂತ ಬರದೆ.

ಹತ್ತೊಂಬತ್ತು ದಿನದ ವಹಿ ಓದಿ
ಸಾಹೇಬರು ಪೆನ್ಸಿಲಿಲೆ ಗೆರಿ ಎಳದರು.
ದಿನಾ ಬದನೀಕಾಯಿ ಯಾಕ?
ಎಣ್ಣಿ ಅಂದ್ರ ಯಾವ ಎಣ್ಣಿ, ಎಷ್ಟು ಡಬ್ಬಿ,
ಗೋದಾಮಿನ ಯಾವ ಬಾಜೂಕ್ಕ?
ಈ ಏನೂ ಇಲ್ಲದ ನಿಮಿಷದಾಗ ಏನೈತಿ?
"ಸರ, ಸಂತ್ಯಾಗ ಈಗ ಅದ ಅಗ್ಗ" ಅಂದೆ.
ನಕ್ಕರು.
"ನಿಮಗ ಕೇಳೂದು ಗೊತ್ತು ಬಾಯಾರ,
ತಿಳಕೊಳ್ಳೂದು ನಮಗ ಬಿಡ್ರಿ."

ಒಂದು ಅಕ್ಷರ ಸುಳ್ಳು ಬರದಿಲ್ಲ ನಾ.
ಖರೇನ ಬರದೆ. ಅದನ್ನ ಹಿಡಕೊಂಡು ಅವನನ್ನ ಒಯ್ದರು.

ಹನ್ನೊಂದು ರಾತ್ರಿ.
ಅತ್ತಲಿಂದ ಅಕಿನ ಫೋನ್ ಹಚ್ಚಿದಳು,
ಯಾರ ಕಡೆ ರೊಕ್ಕಾ ಇಸಗೊಂಡಳೋ.
ಕೀಲಿ ಹಾಕಿದ ಗಿರಣಿಯೊಳಗ ಬೆಲ್ಲು ಬಡಕೋತಿತ್ತು.
"ನೋ ರಿಪ್ಲೈ" ಅಂದೆ. ಇಲಾಖೆ ಕಲಿಸಿದ ಮಾತು.
"ತಾಯಿ, ಅವರು ಉಂಡಾರೇನು, ಅಷ್ಟರ ಹೇಳ್ರಿ."
ನಾ ಪ್ಲಗ್ ಕಿತ್ತೆ.

ಮುಂದ ಅಂವ ಬಿಡುಗಡಿ ಆಗಿ ಬಂದ.
ಅಕಿ ಬಂದಳೋ ಇಲ್ಲೋ, ಕೇಳಲಿಲ್ಲ.
ಕೇಳೂದ ನನ್ನ ಉದ್ಯೋಗ,
ಅದೊಂದು ಮಾತ್ರ ಕೇಳಲಿಲ್ಲ.

ಈಗ ನಮ್ಮ ಓಣಿಯ ಕಂಬಕ್ಕೂ
ಕರೀ ಗೋಲಿಯಂಥ ಕಣ್ಣು ಕೂಡಿಸ್ಯಾರ.
ನನ್ನ ತಲಿಬಾಗಿಲಿಗೆ ನೇರ.
ಮೊಮ್ಮಗಳು ಅಂತಾಳ, ಆಯೀ,
ಈಗ ಯಾರೂ ಕುಂತು ಕೇಳೂದಿಲ್ಲ,
ಮಶೀನು ತಾನ ಕೇಳತೈತಿ, ತಾನ ಬರಕೋತೈತಿ.
ಇರಬೇಕವ್ವ.
ಸಂತ್ಯಾಗ ಯಾವ ಕಾಯಿ ಅಗ್ಗ ಅಂತ ಅದಕ್ಕ ಗೊತ್ತೇನು?
ಪ್ಲಗ್ ಕೀಳೂ ಮುಂದ
ಅದಕ್ಕ ಕೈ ನಡಗತಾವೇನು?

ಸಂಕೇಶ್ವರದಿಂದ ತಂಗಿ ದಿನಾ ಫೋನ್ ಮಾಡತಾಳ.
ಉಂಡ್ಯಾ ಅಕ್ಕಾ?
ಉಂಡೆ.
ಏನು ಪಲ್ಯ?
ಇಲ್ಲಿ ಮಳಿ ಬರೂ ಹಂಗೈತಿ, ಅಂತೇನಿ.