ಎಂಬತ್ತಕ್ಕೆ ಸಾಕು

ಮೂವತ್ನಾಲ್ಕು ವರ್ಷ ಕಂಬ ಹತ್ತಿದವನು ನಾನು.
ಕರೆಂಟು ಅಂದರೇನೆಂದು ನನಗೇ ಹೇಳಿಕೊಡುತ್ತಾನೆ
ಶೋರೂಮಿನ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ.

ಒಂದೇ ಬಣ್ಣ, ಅವೇ ಬಾಗಿಲು, ಅವೇ ನಾಲ್ಕು ಚಕ್ರ;
ಬ್ಯಾಟರಿ ಮಾತ್ರ ಒಂದಕ್ಕೆ ಸಣ್ಣದು, ಒಂದಕ್ಕೆ ದೊಡ್ಡದು,
ನಡುವೆ ಮೂರು ಲಕ್ಷದ ಇಪ್ಪತ್ತು ಸಾವಿರ.
ಬೊಳ್ಳಮ್ಮ ಸಂಪಾಜೆಯ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು,
ಅಲ್ಲೇ ಕಾಗದದ ಹಿಂದೆ ಕೂಡಿ ಕಳೆದಳು:
ಹೆಚ್ಚು ಸಿಗುವುದು ನೂರಿಪ್ಪತ್ತು ಕಿಲೋಮೀಟರು.
"ಅಷ್ಟು ದೂರದಲ್ಲಿ ನಿಮಗೆ ಯಾರಿದ್ದಾರೆ?"
ಹುಡುಗ ನಕ್ಕ. ನಾನು ನಗಲಿಲ್ಲ.
ಸಣ್ಣದನ್ನೇ ತಂದೆವು.

ಭಾವ ಪೂವಯ್ಯನ ಗಾಡಿಗೆ ಪೆಟ್ರೋಲೂ ಉಂಟು, ಪ್ಲಗ್ಗೂ ಉಂಟು,
ಬೆಲೆ ನಮ್ಮದರ ಮೂರರಷ್ಟು.
ಎರಡು ವರ್ಷವಾಯಿತು, ಚಾರ್ಜಿನ ಕೇಬಲ್ಲು ಡಿಕ್ಕಿಯಲ್ಲಿ
ಕವರು ಬಿಚ್ಚದೆ ಮಲಗಿದೆ,
ಮದುವೆಗೆ ಬಂದ ಡಿನ್ನರ್ ಸೆಟ್ಟಿನ ಹಾಗೆ.
ಖಾಲಿ ಬ್ಯಾಟರಿಯ ಭಾರ ಹೊತ್ತುಕೊಂಡು
ವಿರಾಜಪೇಟೆಗೆ ಹೋಗಿಬರುತ್ತಾನೆ, ಪೆಟ್ರೋಲು ಸುಟ್ಟು.
ಕೇಳಿದರೆ, "ಧೈರ್ಯಕ್ಕೆ ಇರಲಿ."
ಧೈರ್ಯಕ್ಕೆ ಇಷ್ಟು ರೇಟು ಉಂಟೆಂದು
ಕಂಬದ ಮೇಲಿದ್ದಾಗ ನನಗೆ ಯಾರೂ ಹೇಳಿರಲಿಲ್ಲ.

ಮೊದಲ ರಾತ್ರಿ ನೂರಕ್ಕೆ ನೂರು ತುಂಬಿಸಿದೆ.
ಲೈನ್‌ಮ್ಯಾನ್ ಮನೆಯ ಗಾಡಿ ಅರೆಹೊಟ್ಟೆಯಲ್ಲಿ ಹೊರಡುವುದೆ?
ಬೆಳಗ್ಗೆ ಮಡಿಕೇರಿ ಬಿಟ್ಟು ಘಾಟಿ ಇಳಿದೆವು,
ಮದೆನಾಡು ದಾಟಿದರೂ ಮಂಜು ಬಿಟ್ಟಿರಲಿಲ್ಲ.
ಕಾಲೆತ್ತಿದರೆ ತಾನೇ ತಡೆಯಬೇಕಾದ ಗಾಡಿ ತಡೆಯಲೊಲ್ಲದು,
ಬ್ರೇಕು ಒತ್ತಿ ಒತ್ತಿ ಬೊಳ್ಳಮ್ಮನ ಮೊಣಕಾಲು ಹಿಡಿಯಿತು.
ಪರದೆಯಲ್ಲಿ ಹಳದಿ ಗುರುತು. ಓದಿದಳು:
ಬ್ಯಾಟರಿ ತುಂಬಿದೆ, ತೆಗೆದುಕೊಳ್ಳಲು ಜಾಗವಿಲ್ಲ.

ಜೋಡುಪಾಲದ ತಿರುವು ತಿರುವಿಗೂ ಬೆಟ್ಟ ಕೊಡುತ್ತಲೇ ಇತ್ತು,
ಬಿಟ್ಟಿ ಕರೆಂಟು,
ಎಲ್ಲ ಚಕ್ರದ ಬಿಸಿಯಾಗಿ, ಸುಟ್ಟ ವಾಸನೆಯಾಗಿ ಹೋಯಿತು.
ಅವಳು ಏನೂ ಅನ್ನಲಿಲ್ಲ.
ಸೊಸೈಟಿ ಮುಂದೆ ಇಳಿಯುವಾಗ ಕೀ ಮಾತ್ರ ಜೋರಾಗಿ ಎಳೆದಳು.

ಈಗ ಎಂಬತ್ತಕ್ಕೆ ನಿಲ್ಲಿಸುತ್ತೇನೆ.
ಕೊಯನಾಡು ಮುಟ್ಟುವಾಗ ಎಂಬತ್ತೆರಡು ತೋರಿಸಿದ ದಿನ
ಕೆಲಸದ ಹೊತ್ತಿನಲ್ಲೇ ಫೋನು ಮಾಡಿ ಹೇಳಿದಳು.
ಸಂಜೆ ಹತ್ತುವಾಗ ಘಾಟಿ ಎಲ್ಲ ವಸೂಲು ಮಾಡುತ್ತದೆ,
ಬಡ್ಡಿ ಸಮೇತ; ಅದು ಬೇರೆ ಮಾತು.

ಫೋನಿನಲ್ಲಿ ಒತ್ತಿದರೆ ತಾನೇ ನಿಲ್ಲುತ್ತದಂತೆ, ಹುಡುಗ ಹೇಳಿದ್ದ.
ಲೈನು ಆಫಾಗಿದೆ ಎಂದು ಬೇರೆಯವರು ಹೇಳಿದ್ದಕ್ಕೆ
ತಂತಿ ಮುಟ್ಟಿದವನಲ್ಲ ನಾನು.
ರಾತ್ರಿ ಎರಡಕ್ಕೆ ಎದ್ದು, ಟಾರ್ಚು ಹಿಡಿದು,
ಸ್ವೆಟರು ತಿರುವುಮುರುವಾಗಿ ಹಾಕಿಕೊಂಡು ಶೆಡ್ಡಿಗೆ ಬಂದೆ.
ಹಸಿರು ದೀಪ.
ಎಪ್ಪತ್ತೊಂಬತ್ತು.

ಇನ್ನೊಂದಕ್ಕೆ ಕಾಯುತ್ತಾ ನಿಂತಿದ್ದೇನೆ.