ಎರಡು ಹೊಗೆ

ಕಮಲಾ ನದಿಯ ಬಯಲಲ್ಲಿ ಗುಡ್ಡಗಳಿಲ್ಲ.
ಆದರೂ ಗುರುಗಳು ದಿನವೂ ಒಂದು ಗುಡ್ಡ ತಂದು
ನಮ್ಮೆದುರು ಇಳಿಸುತ್ತಿದ್ದರು,
ಅದರ ನೆತ್ತಿಗೊಂದಿಷ್ಟು ಹೊಗೆ.
'ಏನು ತಿಳಿಯಿತು?'
ಬೆಂಕಿಯಿದೆ! ಎಂದು ಹತ್ತು ಹುಡುಗರು ಕೂಗಿದರೆ
'ಹೇಗೆ ಗೊತ್ತು?'
ಅಲ್ಲಿಂದ ಆರು ತಿಂಗಳ ಪಾಠ.

ಪಂಡಿತ ಭವೇಶ ಝಾ ಎಂದರೆ ದರ್ಭಂಗಾದ ತನಕ ಹೆಸರು.
ಬದನೆಕಾಯಿ ಮುಟ್ಟಿದವರಲ್ಲ,
ಇರುವೆ ಸಾಲು ಕಂಡರೆ ಸುತ್ತಿ ನಡೆಯುವರು.
ನನಗೆ ವಿಷಮಜ್ವರ ಬಂದಾಗ ಹನ್ನೊಂದು ರಾತ್ರಿ
ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತವರು.
ಇದನ್ನೂ ಬರೆಯಬೇಕು.
ಇದನ್ನೇ ಮೊದಲು ಬರೆಯಬೇಕಿತ್ತು.

ಪುಷ್ಯದ ಚಳಿಯಲ್ಲಿ ಜೀವನಾಥ ಮಿಶ್ರ ಬಂದ,
ಮಖಾನ ಬೆಳೆಯುವ ಕೆರೆಯೊಂದರ ವ್ಯಾಜ್ಯ ಹಿಡಿದು.
ಪ್ರಶ್ನೆ ಸಣ್ಣದು: ತೀರಿಹೋದ ತಮ್ಮ
ಪಾಲಾಗಿದ್ದನೋ, ಕೂಡಿಯೇ ಇದ್ದನೋ?
ಪಾಲಾಗಿದ್ದರೆ ಕೆರೆ ಅವನ ಹೆಂಡತಿಗೆ.
ಕೂಡಿದ್ದರೆ ಅಣ್ಣನಿಗೆ;
ಅವಳಿಗೆ ಅನ್ನ, ವರ್ಷಕ್ಕೆರಡು ಸೀರೆ.

ಮೂರು ದಿನ ಗ್ರಂಥಗಳು ಕಟ್ಟು ಬಿಚ್ಚಿ ಕೂತವು.
ಗುರುಗಳು ಹೇಳುತ್ತ ಹೋದರು. ಒಂದು ಪದ ಸಡಿಲವಿಲ್ಲ,
ಒಂದು ವಿಭಕ್ತಿ ತಪ್ಪಿಲ್ಲ.
ಕಿಟಕಿಯಾಚೆ, ಕೆರೆಯ ಆ ದಡದಲ್ಲಿ,
ಒಂದೇ ಅಂಗಳದ ಎರಡು ಮಾಡಿನಿಂದ
ಹನ್ನೆರಡು ವರ್ಷ ಎದ್ದಂತೆ ಅಂದೂ
ಎರಡು ಹೊಗೆ ಏಳುತ್ತಿತ್ತು.

ಬರೆದುಕೊಂಡವನು ನಾನು.
ಹದಿನೈದರ ಪ್ರಾಯ, ದುಂಡಗಿನ ತಿರಹುತಾ ಅಕ್ಷರ.
'ಒಂದೇ ಒಲೆ' ಎಂಬಲ್ಲಿ ಲೇಖನಿ ನಿಂತಿತು.
ಶಾಯಿ ಮುಗಿದಿತ್ತು, ಅಷ್ಟೇ.
ಅದ್ದಿ ಮುಂದುವರಿಸಿದೆ.

ಆ ವರ್ಷ ಪಾಠಶಾಲೆಗೆ ಹೆಂಚು ಬಂತು.
ಮಳೆಗೆ ನಮ್ಮ ಪುಸ್ತಕ ನೆನೆಯಲಿಲ್ಲ.

ಸರಸ್ವತಿ ಪೂಜೆಯ ದಿನ ಬುಚ್ಚೀದಾಯಿ ಬಂದಳು,
ಪ್ರತಿವರ್ಷದಂತೆ, ನಮ್ಮ ಪಾಯಸಕ್ಕೆ
ಮಡಿಲಲ್ಲಿ ಮಖಾನ ತುಂಬಿಕೊಂಡು.
ಎಲ್ಲಿಂದ ತಂದಳೋ, ಯಾರೂ ಕೇಳಲಿಲ್ಲ.
ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ,
'ನನಗೆ ಅಕ್ಷರ ಬಾರದು ಮಗು,
ಅದರಲ್ಲೇನು ಬರೆದಿದೆಯೋ ಓದು' ಎಂದಳು.

ಪ್ರತಿ ನನ್ನ ಬಳಿಯೇ ಇತ್ತು.
ಶ್ಲೋಕ ಓದಿದೆ, ಅರ್ಥ ಹೇಳಿದೆ,
ಸ್ವರ ಎಲ್ಲೂ ಜಾರದಂತೆ, ಕಲಿಸಿದ ಹಾಗೆ.
ಅವಳು ಬೆರಳ ಗೆಣ್ಣು ಮುಟ್ಟುತ್ತ ಕೇಳಿದಳು,
ದಡದಲ್ಲಿ ನಿಂತು ಬುಟ್ಟಿ ಎಣಿಸಿದ ಅಭ್ಯಾಸ.
ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು,
'ಎಷ್ಟು ಚೆನ್ನಾಗಿ ಓದುತ್ತೀಯೋ!
ನಿನ್ನ ತಾಯಿ ಇದ್ದು ಕೇಳಬೇಕಿತ್ತು' ಎಂದಳು.

ಅದು ವ್ಯಂಗ್ಯವಾಗಿದ್ದರೆ
ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆ.

ಈಗ ನಾನೂ ಗುಡ್ಡ ಹೊತ್ತು ತರುತ್ತೇನೆ,
ನೆತ್ತಿಗೆ ಹೊಗೆ ಇಡುತ್ತೇನೆ.
ಹುಡುಗರು ಬೆಂಕಿ ಎನ್ನುವ ಮೊದಲೇ
'ಕಿಟಕಿ ತೆಗೀರಿ' ಅನ್ನುತ್ತೇನೆ.
ಮುದುಕನಿಗೆ ಸೆಕೆ ಎಂದುಕೊಂಡು ತೆಗೆಯುತ್ತಾರೆ.
ಆಚೆ ನೋಡಲು ಏನೂ ಇಲ್ಲ.
ಊರಲ್ಲೀಗ ಎಲ್ಲರದೂ ಗ್ಯಾಸ್ ಒಲೆ.